ಜೊಯ್ಲಿನ್‌ಳ ಗಾಡ್‌ಮದರ್

ನೈರೋಬಿಯ ಹೈರಿಡ್ಜ್‌ನಲ್ಲಿ ನಮ್ಮೆಲ್ಲರ ರವಿಕೆ ಹೊಲಿಯುತ್ತಿದ್ದವಳು ಮಾರ್ಥಾ. ಮದುವೆಯಿಲ್ಲ, ಮಕ್ಕಳಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ಬಾಲ್ಯದ ಗೆಳತಿ ಲೀಲಾಳ ಮಗಳು ಜೊಯ್ಲಿನ್‌ಗೆ ತಾನು ಗಾಡ್‌ಮದರ್ ಎಂಬುದೊಂದೇ ಅವಳ ಬಂಡವಾಳ. ಅಳತೆ ತೆಗೆಯುವಾಗಲೂ ಅದೇ ಮಾತು. ಸೊಂಟಕ್ಕೆ ಟೇಪು ಸುತ್ತಿಸಿಕೊಂಡು ನಿಂತವರು ಕೇಳದೆ ಎಲ್ಲಿಗೆ ಹೋದಾರು?

೨೦೦೫ರಲ್ಲಿ ಜೊಯ್ಲಿನ್‌ಗೆ ಮದುವೆ ಗೊತ್ತಾಯಿತು. ಒಂದು ವಾರ ಬಂದು ಇರು ಎಂದು ಲೀಲಾ ಫೋನ್ ಮಾಡಿದಳು. ನಮ್ಮ ಮಂಗಳೂರು ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರ. ಮದುಮಗಳ ಹಣೆಗೆ ಎಣ್ಣೆಯಿಂದ ಶಿಲುಬೆಯ ಗುರುತು ಹಾಕಿ, ತಲೆಗೆ ತೆಂಗಿನ ಹಾಲು ಸುರಿಯುವ ಹಕ್ಕು ಗಾಡ್‌ಮದರ್‌ಗೆ ಉಂಟು. ಅದಕ್ಕೆಂದೇ ಮಾರ್ಥಾ ಮೊಂಬಾಸಾದ ತೆಂಗಿನಕಾಯಿಗಳನ್ನು ಸೀರೆಯಲ್ಲಿ ಸುತ್ತಿಕೊಂಡು ವಿಮಾನ ಹತ್ತಿದಳು.

ಮರಳಿ ಬಂದವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲಂಡನ್ನಿನ ಸೇತುವೆಯ ಮಾತಿಲ್ಲ, ಅರಮನೆಯ ಮಾತಿಲ್ಲ, ಬರೀ ರೋಸ್. ತಾನು ಹಾಲು ಸುರಿದದ್ದು, ಜೊಯ್ಲಿನ್ ಅತ್ತದ್ದು. ಮಟಾಟು ವ್ಯಾನಿನಲ್ಲಿ ಪಕ್ಕ ಕೂತವರಿಗೂ ಬಿಡುಗಡೆಯಿರಲಿಲ್ಲ. ಕೇಳಿ ಕೇಳಿ ನೆರೆಮನೆಯ ಶಾಲೆಟ್‌ಗೆ ಮೈ ಉರಿಯಿತು. ಒಬ್ಬರ ಸಂತೋಷ ಇನ್ನೊಬ್ಬರಿಗೆ ಜೀರ್ಣವಾಗದ ಕೇರಿ ನಮ್ಮದು. ಅವಳು ಲೀಲಾಳಿಂದಲೇ ಮದುವೆಯ ಸಿ.ಡಿ. ತರಿಸಿದಳು. ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಎಲ್ಲರನ್ನೂ ತನ್ನ ಮನೆಯ ಟೀವಿಯ ಮುಂದೆ ಸೇರಿಸಿ, ಮಾರ್ಥಾಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ತಲೆನೋವೆಂದು ಮಾರ್ಥಾ ಏಳಲು ನೋಡಿದಾಗ ಭುಜ ಒತ್ತಿ ಹಿಡಿದಳು.

ಪರದೆಯ ಮೇಲೆ ಜೊಯ್ಲಿನ್ ಮಣೆಯಲ್ಲಿ ಕೂತಿದ್ದಳು. ಹಾಲಿನ ಬಟ್ಟಲು ಇದ್ದದ್ದು ಲೀಲಾಳ ಗಂಡನ ಬಾಸಿನ ಹೆಂಡತಿಯ ಕೈಯಲ್ಲಿ, ಒಬ್ಬ ಬಿಳಿ ಹೆಂಗಸು. ಲೀಲಾ ನೆರೆದವರಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು: ಗಾಡ್‌ಮದರ್ ನೈರೋಬಿಯಲ್ಲಿದ್ದಾಳೆ, ಪಾಪ, ಬರಲಾಗಲಿಲ್ಲ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ನೀವೆಲ್ಲಿದ್ರಿ ಮಾರ್ಥಾ ಬಾಯಿ?" ಶಾಲೆಟ್‌ಳ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಅಡುಗೆಮನೆಯಲ್ಲಿ. ನಿನ್ನ ಸರದಿ ಬಂದಾಗ ಕರೀತೇನೆ ಅಂದಿದ್ಳು ಲೀಲಾ." ಮಾರ್ಥಾ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಆದ್ರೆ ಆ ಹಾಲು ನಾನೇ ಹಿಂಡಿದ್ದು ಮಾರಾಯ್ತಿ. ನೋಡು, ಎಷ್ಟು ದಪ್ಪ ಉಂಟು."

"ಹೌದಾ? ನಂಗೆ ಸರಿ ಕಾಣ್ಲಿಲ್ಲ" ಎಂದು ಶಾಲೆಟ್ ರಿಮೋಟ್ ಒತ್ತಿ ಅದನ್ನೇ ಮತ್ತೊಮ್ಮೆ ಹಾಕಿದಳು.