ಅಸ್ತ್ರಾಖಾನಿನಲ್ಲಿ ಬಸಪ್ಪನವರ ಕರಡಿಗೆ

ಮೇಜಿನ ಬಟ್ಟೆ ಹಸಿರೋ ಕಪ್ಪೋ, ನನ್ನ ನೆನಪನ್ನು ನಾನೇ ನಂಬಲಾರೆ. ರಷ್ಯಾದ ವೋಲ್ಗಾ ದಂಡೆಯ ಅಸ್ತ್ರಾಖಾನ್ ಬಂದರಿನ ಅಧಿಕಾರಿ, ಮೈಸೂರಿನಿಂದ ನನ್ನ ಜೊತೆ ಬಂದಿದ್ದ ಬಸಪ್ಪನವರ ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಚಾಚಿದ್ದು ಮಾತ್ರ ನಿಜ. ತಪಾಸಣೆಗೆ ಕೊಡದಿದ್ದರೆ ಹಡಗು ಹತ್ತುವಂತಿಲ್ಲವೆಂದು ತಾತಾರ ದುಭಾಷಿ ಪಾರಸಿಯಲ್ಲಿ ನನಗೆ ತಿಳಿಸಿದ.

"ಒಂದ್ಗಳಿಗೆ ಕೊಡಿ, ಬಸಪ್ಪನೋರೆ."

"ನಿಮ್ ತಲೆ ಒಂದ್ಗಳಿಗೆ ತೆಗ್ದು ಕೊಡಿ, ನೋಡಾಣ! ಲಿಂಗ ಕಣ್ರೀ ಇದು, ಇನ್ನೊಬ್ರ ಕೈಗೆ ಕೊಡಕ್ಕಾಗಲ್ಲ. ಹಡಗು ಹೋದ್ರೆ ಹೋಗ್ಲಿ ಬುಡಿ."

ಹೊರಗೆ ಹಡಗು ಕೂಗಿತು. ಬಸಪ್ಪನವರು ತಾವೇ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರು. ದುಭಾಷಿ ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದ. ಚಾಚಿದ ಕೈ ಹಿಂದೆ ಸರಿಯಿತು. ಕಾಗದಕ್ಕೆ ಮೊಹರು ಬಿತ್ತು.

ತನ್ನ ಮುತ್ತಜ್ಜ ಈ ಊರಿಗೆ ಬಂದು ತಾತಾರ ಹೆಣ್ಣನ್ನು ಮದುವೆಯಾಗಿ ನೆಲೆಸಿದ ಮುಲ್ತಾನಿನ ಹಿಂದೂ ವ್ಯಾಪಾರಿ ಎಂದಷ್ಟೇ ದುಭಾಷಿ ಆಮೇಲೆ ನಮಗೆ ಹೇಳಿದ. ಅಧಿಕಾರಿಗೆ ಏನು ಹೇಳಿದನೋ, ನನಗೆ ಗೊತ್ತಿಲ್ಲ.