ಮಾವನ ಸಿಲಿಂಡರಿಗೆ ಬೆಳ್ಳಿ ಬಣ್ಣ

ನಮ್ಮ ಮನೆತನದಲ್ಲಿ ಒಬ್ಬ ಡಿಗ್ರಿ ಪಾಸಾಗುವುದು ಆಗದ ಹೋಗದ ಮಾತು ಎಂದವರು ನನ್ನ ಸೋದರಮಾವ. ರಜೆಯಲ್ಲೆಲ್ಲ ಕಬ್ಬು ಕಡಿದು, ಮಳವಳ್ಳಿ ಕಡೆಯ ನಮ್ಮೂರಿನಿಂದ ಮಂಡ್ಯಕ್ಕೆ ಬಂದು ಬಿ.ಎಸ್ಸಿ. ಮುಗಿಸಿದೆ. ಆಗ ಮಾವ ಮಾತು ತಿರುಗಿಸಿದರು: "ಪಾಸೇನೋ ಆದ. ಇವನ ಕೈಲಿ ಒಂದ್ ಕೆಲ್ಸ ಆಯ್ತದಾ ಕೇಳಿ."

ಕೆಲಸವೂ ಸಿಕ್ಕಿತು. ಎಪ್ಪತ್ತರ ದಶಕದ ಕೊನೆ ಅದು. ಮಂಡ್ಯದ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ಹಳೆಯ ಗ್ಯಾಸ್ ಸಿಲಿಂಡರುಗಳನ್ನು ಪರೀಕ್ಷಿಸಿ, ಇನ್ನೂ ಬಳಸಬಹುದೋ ಇಲ್ಲವೋ ಎಂದು ಬರೆದುಕೊಡುವುದು. ಪರೀಕ್ಷೆಯ ಗಡುವು ಮೀರಿದ ಸಿಲಿಂಡರಿಗೆ ಆ ಸರ್ಟಿಫಿಕೇಟಿಲ್ಲದೆ ಯಾರೂ ಗ್ಯಾಸು ತುಂಬುತ್ತಿರಲಿಲ್ಲ.

ಮದ್ದೂರಿನಲ್ಲಿ ಹೋಟೆಲಿಟ್ಟಿದ್ದ ಮಾವನ ಸಿಲಿಂಡರಿಗೂ ಗಡುವು ಮೀರಿತು. ಗ್ಯಾಸು ಬಂದ ಜಂಬದಲ್ಲಿ ಸೌದೆ ಒಲೆಯನ್ನು ಒಡೆಸಿ ಹಾಕಿದ್ದರು. ಗ್ಯಾಸಿಲ್ಲದಿದ್ದರೆ ಹೋಟೆಲಿಗೆ ಬೀಗವೇ. ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಗಾಡಿಯೊಂದರ ಮೇಲೆ ಸಿಲಿಂಡರು, ಅದನ್ನು ತಬ್ಬಿಕೊಂಡು ಅತ್ತೆ, ಹಿಂದೆ ಬೀಡಿ ಸೇದುತ್ತ ಮಾವ ಬಂದರು.

ಸಿಲಿಂಡರು ಫಳಫಳ ಹೊಳೆಯುತ್ತಿತ್ತು. ಬುಡದಿಂದ ಕತ್ತಿನವರೆಗೆ ಬೆಳ್ಳಿ ಬಣ್ಣ, ಮೇಲೆ ವಿಭೂತಿ, ಕುಂಕುಮ.

"ಮೊದ್ಲು ಬೀಡಿ ಆರ್ಸಿ ಮಾವ."

"ಖಾಲಿ ಐತೆ ಕಣ್ಲಾ."

"ಖಾಲಿ ಅನ್ನೋದ್ರಲ್ಲೂ ಒಂಚೂರು ಗ್ಯಾಸಿರ್ತದೆ."

ಬಯಲಿಗೊಯ್ದು ಉಳಿದ ಗ್ಯಾಸು ಬಿಟ್ಟೆ. ಅದು ಬುಸ್ಸೆಂದದ್ದೇ ಮಾವ ಗಾಡಿಯ ಮರೆಗೆ ಹೋದರು. ನಾನು ಬಣ್ಣ ಕೆರೆಯಲು ಶುರುಮಾಡಿದಾಗ ಓಡಿ ಬಂದರು.

"ಏನ್ಲಾ ಮಾಡ್ತಿದ್ದೀಯ?"

"ತುಕ್ಕು ಕಾಣ್ಬೇಕಲ್ಲ ಮಾವ."

"ನೋಡೋರಿಗೆ ಲಕ್ಸಣವಾಗಿರ್ಲಿ ಅಂತ ಬಳ್ದಿದ್ದು. ಹೆಣ್ ನೋಡಕ್ ಬಂದೋರು ಮುಖ ತೊಳ್ಸಿ ನೋಡ್ತಾರಾ?"

ಕೆರೆಯುತ್ತಿದ್ದ ಅಲಗು ಒಂದು ಕಡೆ ಮೆತ್ತಗೆ ಒಳಗಿಳಿಯಿತು. ಹಲಸಿನ ಮೇಣ. ಸಿಲಿಂಡರು ಎಲ್ಲೋ ಬಿದ್ದು ತಗ್ಗಾಗಿತ್ತು. ಸೋರುವ ಬಿಂದಿಗೆಗೆ ಮೆತ್ತುವಂತೆ ಮೇಣ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು.

ಮಾವ ದನಿ ತಗ್ಗಿಸಿದರು. "ಮನೆ ಮಗ ನೀನು. ಒಂದ್ ಸೈನ್ ಹಾಕ್ಬುಡು ಅಳಿಯ. ನಾಳೆ ಓಟ್ಲು ತೆಗೀಬೇಕು."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: "ಪೂರಾ ಕೆರಿ ಮಗ. ಇವ್ರು ಕೂರೋದು ಬಾಗ್ಲಲ್ಲಿ, ಗಲ್ಲಾದ ಮುಂದೆ. ಈ ಸಿಲಿಂಡ್ರು ಪಕ್ಕ ನಿಂತು ದೋಸೆ ಉಯ್ಯೋಳು ನಾನು."

ಪೂರಾ ಕೆರೆದೆ. ತಗ್ಗಿನ ಆಳ ಅಳೆದೆ, ಮಿತಿಯೊಳಗಿತ್ತು. ತೂಕ ಹಾಕಿದೆ, ತುಕ್ಕು ಹೆಚ್ಚೇನೂ ತಿಂದಿರಲಿಲ್ಲ. ವಾಲ್ವು ಬಿಚ್ಚಿ, ನೀರು ತುಂಬಿ, ಪಂಪಿನಲ್ಲಿ ಒತ್ತಡ ಏರಿಸಿದೆ. ಮೀಟರಿನ ಮುಳ್ಳು ಏರಿದಷ್ಟೂ ಮಾವ ಮನೆದೇವರ ಹೆಸರು ಹೇಳುತ್ತಿದ್ದರು. ಮುಳ್ಳು ಏರಿದಲ್ಲೇ ನಿಂತಿತು. ಸಿಲಿಂಡರು ಉಬ್ಬಲಿಲ್ಲ, ಎಲ್ಲೂ ಬೆವರಲಿಲ್ಲ. ಬೆವರಿದ್ದು ಮಾವ ಒಬ್ಬರೇ.

ಒಣಗಿಸಿ, ಹೊಸ ವಾಲ್ವು ಕೂರಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಾತರಿ ಮಾಡಿಕೊಂಡೆ. ಕತ್ತಿನ ಪಟ್ಟಿಯ ಮೇಲೆ ಹೊಸ ಗಡುವು ಒತ್ತಿದೆ. ಸರ್ಟಿಫಿಕೇಟಿಗೆ ಸಹಿ ಹಾಕಿ, ಕೆಳಗೆ ದಪ್ಪಕ್ಷರದಲ್ಲಿ ಬಿ.ಎಸ್ಸಿ. ಎಂದು ಬರೆದೆ. ಬರೆಯಬೇಕೆಂಬ ನಿಯಮವೇನೂ ಇರಲಿಲ್ಲ.

ಮಾವ ಕೈ ಚಾಚಿದರು. ನಾನು ಸರ್ಟಿಫಿಕೇಟನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ಸೆರಗಿಗೆ ಸಿಕ್ಕಿಸಿಕೊಂಡರು.

"ಇನ್ಮೇಕೆ ಎಲ್ಡು ಕಾಲೂ ಒಳ್ಗೆ ಮಡಗಿ ದೋಸೆ ಉಯ್ತೀನಿ ಮಗ. ಇಷ್ಟ್ ದಿನ ಒಂದ್ ಕಾಲು ಬಾಗ್ಲಾಚ್ಗೇ ಇತ್ತು."