ಚೀಲದಲ್ಲಿ ಬೆಳೆದ ಕದಿರು

ನಾನು ಹುಲ್ಲು ಬೆಳೆಯುತ್ತೇನೆ ಎಂದರೆ ಜನ ಮೊದಲು ಕೇಳುವುದು, ಎಷ್ಟು ದನ ಇದೆ ಅಂತ. ದನ ಒಂದೂ ಇಲ್ಲ. ಕೋಟೇಶ್ವರದ ನಮ್ಮ ಮನೆಯ ಹಿಂದಿನ ಮರಳು ಮಣ್ಣಿನಲ್ಲಿ ನಾನು ಬೆಳೆಸುವುದು ಬರೀ ಚಂದಕ್ಕಿರುವ ಹುಲ್ಲು. ಕೆನ್ನೇರಳೆ ಬಣ್ಣದ ಫೌಂಟನ್ ಗ್ರಾಸ್, ಬಿಳಿ ಗರಿಯ ಪಂಪಾಸ್. ಮದುವೆ ಹಾಲ್‌ಗಳ ಸ್ಟೇಜಿಗೆ, ಊಟದ ಮೇಜಿಗೆ ಹೂವಿನ ಜೊತೆ ಜೋಡಿಸಿ ಕೊಡುತ್ತೇನೆ. ಜರ್ಬೆರಾ, ಗುಲಾಬಿ ಮಾತ್ರ ಇಟ್ಟರೆ ಹೂದಾನಿ ಬಿಮ್ಮನೆ ಕೂತಿರುತ್ತದೆ. ನಡುವೆ ನಾಲ್ಕು ಗರಿ ಸಿಕ್ಕಿಸಿದರೆ ಫ್ಯಾನಿನ ಗಾಳಿಗೆ ತಲೆಯಾಡಿಸುತ್ತದೆ. ಗರಿ ಪೂರ್ತಿ ಬಿಚ್ಚುವ ಮೊದಲೇ ಕೊಯ್ಯಬೇಕು, ತಲೆಕೆಳಗಾಗಿ ನೇತುಹಾಕಿ ಒಣಗಿಸಬೇಕು, ಉದುರದ ಹಾಗೆ ಹೇರ್ ಸ್ಪ್ರೇ ಹೊಡೆಯಬೇಕು. ಇಷ್ಟೆಲ್ಲ ಗೊತ್ತಿದೆ ಎಂಬ ಜಂಬ ನನಗೆ. ನನ್ನ ಗಂಡನ ತಾಯಿ, ಅಂದರೆ ಅತ್ತೆ, ಇವಕ್ಕೆಲ್ಲ ಒಟ್ಟಿಗೆ ಇಟ್ಟ ಹೆಸರು ನರಿಬಾಲ.

ಅತ್ತೆಗೆ ಹುಲ್ಲೆಂದರೆ ಭತ್ತ. ವಿಜಯದಶಮಿಯ ಬೆಳಿಗ್ಗೆ ನಮ್ಮಲ್ಲಿ ಹೊಸ್ತು. ಭತ್ತದ ಹೊಸ ಕದಿರು ತಂದು, ತುಳಸಿಕಟ್ಟೆಯ ಹತ್ತಿರ ಪೂಜೆ ಮಾಡಿ, ಮಾವಿನೆಲೆ ಹಲಸಿನೆಲೆ ಸೇರಿಸಿ ಬಾಗಿಲಿಗೆ, ಅಕ್ಕಿ ಡಬ್ಬಿಗೆ, ಬಾವಿಕಟ್ಟೆಗೆ ಕಟ್ಟುವುದು. ಗದ್ದೆಯಿಲ್ಲದ ಅಕ್ಕಪಕ್ಕದ ಆರು ಮನೆಯವರು ಅವತ್ತು ನಮ್ಮ ಅಂಗಳಕ್ಕೇ ಬರುತ್ತಿದ್ದರು. ಅತ್ತೆ ಮದುವೆಯಾಗಿ ಬಂದಂದಿನಿಂದ ತನ್ನ ಕೈಯಾರೆ ಅವರಿಗೆ ಕದಿರು ಕೊಟ್ಟವರು. ಆದರೆ ರಸ್ತೆ ಅಗಲವಾದ ಮೇಲೆ ನೀರು ಹೋಗುವ ದಾರಿ ಮುಚ್ಚಿ ನಮ್ಮ ಗದ್ದೆ ವರ್ಷವಿಡೀ ಕೆರೆಯಂತೆ ನಿಲ್ಲತೊಡಗಿತು. ಎರಡು ಮಳೆಗಾಲ ಹೆಣಗಿ ಸಾಕಾಗಿ ಕಳೆದ ವರ್ಷದ ಕೊಯ್ಲು ಮುಗಿದ ಮೇಲೆ ಬೇಸಾಯ ಬಿಟ್ಟೆವು.

"ಕೊಡು ಮನಿಯರ್ ಕೇಂಬುಕೆ ಹೋಪುದ್ ಹ್ಯಾಂಗ್ ಹೆಣೇ?" ಎಂದು ಅತ್ತೆ ಒಂದು ದಿನ ಕೇಳಿದರು. ಇಷ್ಟು ವರ್ಷ ಕೊಟ್ಟ ಮನೆಯವರು ಈಗ ಇನ್ನೊಬ್ಬರ ಹತ್ತಿರ ಕೇಳಲು ಹೋಗುವುದು ಹೇಗೆಂದು ಅವರ ಕಣ್ಣಲ್ಲಿ ನೀರಿತ್ತು. ನನಗೆ ತಡೆಯಲಿಲ್ಲ.

"ಭತ್ತವೂ ಹುಲ್ಲೇ ಅಲ್ದಾ ಅತ್ತೆ? ಚೀಲದಲ್ಲಿ ನಾ ಬೆಳ್ಸಿ ಕೊಡ್ತೆ."

ಬಾಯಿ ಬಿಟ್ಟು ಕೆಟ್ಟೆ.

ಮಳೆ ಹಿಡಿದ ಮೇಲೆ ಹನ್ನೆರಡು ಗ್ರೋ ಬ್ಯಾಗಿಗೆ ಗದ್ದೆಯ ಮಣ್ಣನ್ನೇ ತುಂಬಿ ಸಸಿ ನೆಟ್ಟೆವು. ಚೆನ್ನಾಗಿಯೇ ಬಂತು. ಶ್ರಾವಣದ ಕೊನೆಗೆ ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನು ಕತ್ತರಿ ಹಿಡಿದು ಫೌಂಟನ್ ಗ್ರಾಸಿನ ಬುಡಗಳನ್ನು ಸವರುತ್ತಿದ್ದೆ. ಮೇಲಿಂದ ಸವರಿದರೆ ಬುಡ ದಟ್ಟವಾಗಿ ಒಡೆದು ಗರಿ ಹೆಚ್ಚು ಬರುತ್ತದೆ. ಪಕ್ಕದಲ್ಲೇ ಭತ್ತ ಉದ್ದುದ್ದ ಬೆಳೆದು ಗಾಳಿಗೆ ಬಾಗಿತ್ತು. ಇದಕ್ಕೂ ಒಂದು ಕೈ ನೋಡುವ ಎಂದು ಹನ್ನೆರಡು ಚೀಲವನ್ನೂ ಗೇಣುದ್ದಕ್ಕೆ ಕತ್ತರಿಸಿ, ನೋಡಿ ಖುಷಿಪಟ್ಟೆ. ದೇವರಾಣೆ, ಖುಷಿಪಟ್ಟೆ!

ಸಂಜೆ ಎದ್ದು ಬಂದ ಅತ್ತೆ ಚೀಲ ನೋಡಿ, "ಹ್ವಾಯ್, ದನ ಬಂದಿತ್ತಾ?" ಎಂದರು. ಅವರ ದನಿಯಲ್ಲಿದ್ದ ಹೆದರಿಕೆ ಕೇಳಿದ ಮೇಲೆಯೇ ನನಗೆ ಹೊಳೆದದ್ದು, ಕದಿರು ಹುಟ್ಟುವುದು ಆ ದಂಟಿನ ಒಳಗಿಂದ ಅಂತ.

"ಹೌದ್ ಅತ್ತೆ, ಯಾರದ್ದೋ ದನ" ಎಂದುಬಿಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಪ್ರಾಣಸಂಕಟ. ಬುಡದಿಂದ ಹೊಸ ದಂಟು ಎದ್ದವು ನಿಜ, ಆದರೆ ದಿನ ಓಡುತ್ತಿತ್ತು. ಅತ್ತೆ ಪ್ರತಿ ಬೆಳಿಗ್ಗೆ ಕಾಫಿ ಕುಡಿದು ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ದಂಟನ್ನು ಎರಡು ಬೆರಳಲ್ಲಿ ಒತ್ತಿ ನೋಡುವರು. ಒಳಗೆ ಕದಿರು ಕಟ್ಟಿದರೆ ದಂಟು ಉಬ್ಬಬೇಕು. "ಇಲ್ಲೆ" ಎಂದು ಏಳುವರು. ಬೀದಿಯಲ್ಲಿ ಯಾರಾದರೂ ದನ ಎಂದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಬೀಜಾಡಿಯ ಒಂದು ನಿಶ್ಚಿತಾರ್ಥಕ್ಕೆ ಹೂದಾನಿ ಜೋಡಿಸುವಾಗ ಕೈಯಲ್ಲಿ ಗರಿ ಹಿಡಿದು ಹಾಗೇ ನಿಂತುಬಿಟ್ಟೆ. ಬೇಡದ ಹುಲ್ಲು ಇಷ್ಟು ಪೊಗದಸ್ತಾಗಿ ತೆನೆ ಬಿಡುತ್ತದಲ್ಲ, ದರಿದ್ರದ್ದು, ಎಂದು ಅದರ ಮೇಲೆ ಸಿಟ್ಟು ಬಂತು.

ನವರಾತ್ರಿಯ ಮೊದಲ ದಿನವೂ ಅತ್ತೆ "ಇಲ್ಲೆ" ಎಂದಾಗ ತಡೆದುಕೊಳ್ಳಲಾಗಲಿಲ್ಲ.

"ಅತ್ತೆ, ದನ ಅಲ್ಲ. ನಾನೇ ಕತ್ರಿಸಿದ್ದ್."

ಅವರು ನನ್ನನ್ನೇ ನೋಡಿದರು. "ನಿನ್ ಮಂಡೆಲಿ ಎಂತ ಇತ್ತ್ ಮಾರಾಯ್ತಿ? ಭತ್ತಕ್ಕೆ ಕಟಿಂಗ್ ಮಾಡುದಾ? ಅದೆಂತ ಸಲೂನಾ?"

ನಗು ಬರುವ ಮಾತು. ಆದರೆ ಅವರು ನಗಲಿಲ್ಲ. ಎರಡು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಮೂರನೇ ದಿನ ಅವರೇ ಚೀಲಗಳನ್ನು ಬಿಸಿಲಿಗೆ ಎಳೆಯುವುದು ಕಂಡು ನಾನೂ ಇನ್ನೊಂದು ಕಡೆ ಹಿಡಿದೆ. ಬೆಳಿಗ್ಗೆ ಬಾವಿಯ ಹತ್ತಿರ, ಮಧ್ಯಾಹ್ನ ಅಂಗಳದ ನಡುವೆ, ಬಿಸಿಲು ಹೋದಲ್ಲಿಗೆ ಚೀಲ. ಮನೆಗೆ ಐದು ಕದಿರೆಂದರೂ ನಮ್ಮದೂ ಸೇರಿ ಏಳು ಮನೆಗೆ ಮೂವತ್ತೈದು ಬೇಕು. ಆರನೇ ದಿನ ಒಂದು ದಂಟಿನ ತುದಿಯಲ್ಲಿ ಹಸಿರು ಮೂತಿ ಕಂಡಿತು. ಮರುದಿನ ಒಂಬತ್ತು. ಮಹಾನವಮಿಯ ಸಂಜೆ ಎಣಿಸಿದರೆ ಮೂವತ್ತೊಂದು. ವಿಜಯದಶಮಿಯ ಬೆಳಿಗ್ಗೆ ಎರಡೆರಡು ಸಲ ಎಣಿಸಿದೆ. ಮೂವತ್ತೆಂಟು! ಎಲ್ಲ ಎಳೆಯವು, ಒಳಗೆ ಇನ್ನೂ ಕಾಳು ಕಟ್ಟಿಲ್ಲ. ಆದರೂ ಕದಿರು ಕದಿರೇ. ನಾನು ಅತ್ತೆಯನ್ನು ಅಪ್ಪಿಕೊಂಡುಬಿಟ್ಟೆ. "ಸಾಕ್, ಮೀಯದೆ ಮುಟ್ಬೇಡ" ಎಂದು ಬೈದರು, ಮುಖ ಮಾತ್ರ ಅರಳಿತ್ತು.

ಪೂಜೆಯಾಯಿತು. ನಮ್ಮ ಬಾಗಿಲಿಗೆ ಕಟ್ಟಿ, ಉಳಿದ ಆರು ಕಟ್ಟನ್ನು ಹರಿವಾಣದಲ್ಲಿಟ್ಟುಕೊಂಡು ಅತ್ತೆ ಜಗಲಿಯಲ್ಲಿ ಕೂತರು. ಎಂಟು ಗಂಟೆಯಾಯಿತು, ಒಂಬತ್ತಾಯಿತು. ಯಾರೂ ಬರಲಿಲ್ಲ. ಅತ್ತೆ ಕಟ್ಟುಗಳ ಮೇಲೆ ನೀರು ಚಿಮುಕಿಸಿದರು. ಹತ್ತಕ್ಕೆ ಹೇಳಿದರು, "ಹಬ್ಬದ್ ಗಡಿಬಿಡಿ ಕಾಣತ್ತ್. ನೀನೇ ಕೊಟ್ಟಿಕ್ಕಿ ಬಾ ಹೆಣೇ."

ಸ್ಕೂಟರಿನಲ್ಲಿ ಹೊರಟೆ. ಮೊದಲ ಮನೆಯ ಬಾಗಿಲಲ್ಲಿ ಆಗಲೇ ಕದಿರು ತೂಗುತ್ತಿತ್ತು, ದಪ್ಪ ಕಾಳಿನ ಬಂಗಾರದ ಬಣ್ಣದ್ದು, ರಬ್ಬರ್ ಬ್ಯಾಂಡ್ ಹಾಕಿದ್ದು. ಆ ಮನೆಯ ಅಕ್ಕ ನನ್ನ ಕೈಯಲ್ಲಿದ್ದ ಕಟ್ಟು ನೋಡಿ ಸಂಕೋಚಪಟ್ಟರು. "ನಿಮ್ಗೆ ಗದ್ದಿ ಇಲ್ಲೆ ಅಲ್ದಾ, ನಿಮ್ ಅತ್ತೆಗ್ ಎಂತಕೆ ತೊಂದ್ರಿ ಅಂದೇಳಿ ನಮ್ಮನಿಯವ್ರ್ ಪ್ಯಾಟಿಂದ ತಂದ್ರ್." ಎರಡನೇ ಮನೆಯಲ್ಲೂ ಅದೇ. ಇಬ್ಬರೂ ನಮ್ಮದನ್ನು ತೆಗೆದುಕೊಂಡು ಒಳಗೆಲ್ಲೋ ಇಟ್ಟರು. ಮೂರನೆಯದರಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಕಟ್ಟನ್ನು ಎತ್ತಿ ಹಿಡಿದು, "ಅಕ್ಕಾ, ಲಾಯ್ಕಿತ್ತ್! ನಿಮ್ ಸ್ಟೇಜಿನ್ ಹುಲ್ಲ್ ಅಲ್ದಾ? ಟಿವಿ ಹತ್ರ ಹೂದಾನಿಲಿ ಇಡ್ತೆ" ಎಂದಳು. ಅವಳ ಮನಸ್ಸಿನಲ್ಲಿ ಒಂದಿಷ್ಟೂ ಕೇಡಿರಲಿಲ್ಲ. ನಾನು ಹೂಂ ಎಂದೆ. ಉಳಿದ ಮೂರು ಮನೆಗಳ ಮುಂದೆ ಸ್ಕೂಟರ್ ನಿಲ್ಲಿಸಲಿಲ್ಲ. ರಸ್ತೆಯಿಂದಲೇ ಬಾಗಿಲಿನ ಬಂಗಾರದ ಬಣ್ಣ ಕಾಣುತ್ತಿತ್ತು.

ಅತ್ತೆ ಖಾಲಿ ಹರಿವಾಣ ಹಿಡಿದು ಇನ್ನೂ ಜಗಲಿಯಲ್ಲೇ ಇದ್ದರು.

"ಎಲ್ಲರೂ ಕಟ್ರಾ?"

"ಕಟ್ರ್ ಅತ್ತೆ."

"ಕಾಯ್ತಾ ಇದ್ದಿರ್ಬೇಕ್, ಪಾಪ." ಅವರು ಸೆರಗಿನಿಂದ ಹರಿವಾಣ ಒರೆಸಿದರು. "ಬಪ್ಪ ವರ್ಷ ಇನ್ನೊಂದ್ ನಾಕ್ ಚೀಲ ಹೆಚ್ಚಿಗೆ ಇಡುವ. ಐದೈದ್ ಕದಿರ್ ಕೊಟ್ರೆ ಜನ ಎಂತ ಹೇಳುದಿಲ್ಲೆ?"

ಇಡುವ ಅತ್ತೆ, ಎಂದೆ. ಉಳಿದ ಮೂರು ಕಟ್ಟು ಸ್ಕೂಟರಿನ ಸೀಟಿನ ಕೆಳಗಿದ್ದವು.